ಸಣ್ಣ ನಾಡುಗಳ ಓಟ

ಸಾಂಗ್ಲಿಯಿಂದ ಮಿರಜಿಗೆ ಹೋಗುವಾಗಲೆಲ್ಲ ಒಂದು ದೇಶ ದಾಟಿ ಇನ್ನೊಂದಕ್ಕೆ ಕಾಲಿಟ್ಟಂತೆ ಅನಿಸುತ್ತದೆ ನನಗೆ. ಈಗ ಎರಡಕ್ಕೂ ಒಂದೇ ಮಹಾನಗರಪಾಲಿಕೆ. ಆದರೆ 1948ರ ಮಾರ್ಚ್‌ವರೆಗೆ ಸಾಂಗ್ಲಿಯದು ಒಂದು ಸಂಸ್ಥಾನ, ಮಿರಜಿನದು ಹಿರಿಯ, ಕಿರಿಯ ಎಂದು ಎರಡು, ಆಳುತ್ತಿದ್ದವರೆಲ್ಲ ಪಟವರ್ಧನರು. ನಮ್ಮ ಶಿರಹಟ್ಟಿ, ತೇರದಾಳ, ಬೆಳಗಾವಿ ಮಗ್ಗುಲಿನ ಶಹಾಪುರ ಸಾಂಗ್ಲಿಗೆ ಸೇರಿದ್ದವು. ಲಕ್ಷ್ಮೇಶ್ವರ ಹಿರಿಯ ಮಿರಜಿನದು, ಗುಡಗೇರಿ ಕಿರಿಯ ಮಿರಜಿನದು.

ಯುರೋಪಿನ ಸಣ್ಣ ದೇಶಗಳ ಕ್ರೀಡಾಕೂಟದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾಗುವುದು ಈ ಸಂಸ್ಥಾನಗಳೇ. ಹತ್ತು ಲಕ್ಷದೊಳಗಿನ ಜನಸಂಖ್ಯೆಯ ನಾಡುಗಳಿಗೆಂದು 1985ರಲ್ಲಿ ಸ್ಯಾನ್ ಮರಿನೋದಲ್ಲಿ ಶುರುವಾದ ಕೂಟವದು. ಲಕ್ಸೆಂಬರ್ಗ್, ಮಾಲ್ಟಾ, ಅಂಡೋರಾ, ಐಸ್‌ಲ್ಯಾಂಡ್, ಮೊನಾಕೊ ಎರಡು ವರ್ಷಕ್ಕೊಮ್ಮೆ ಅಲ್ಲಿ ಸೇರುತ್ತವೆ. ಅಥ್ಲೆಟಿಕ್ಸ್‌ಗೆಂದೇ ಬೇರೆ ಕೂಟ 2016ರಲ್ಲಿ ಮಾಲ್ಟಾದಲ್ಲಿ ಆರಂಭವಾಯಿತು. ಅಳೆದು ನೋಡಿದರೆ ಸಾಂಗ್ಲಿ ಸಂಸ್ಥಾನ ಸುಮಾರು 2,880 ಚದರ ಕಿಲೋಮೀಟರ್, ಲಕ್ಸೆಂಬರ್ಗ್ 2,586. ಕಿರಿಯ ಮಿರಜಿನೊಳಗೆ ಇಡೀ ಮಾಲ್ಟಾ ಹಿಡಿಸಿ ಇನ್ನೂ ಜಾಗ ಉಳಿಯುತ್ತಿತ್ತು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಇದೇ ಲಕ್ಸೆಂಬರ್ಗಿನ ಜೋಸಿ ಬಾರ್ಥೆಲ್ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದ. ಯಾರೂ ಅವನ ಹೆಸರು ಎಣಿಸಿರಲಿಲ್ಲ. ಪದಕ ಕೊಡುವಾಗ ನಾಡಗೀತೆ ಮೊಳಗುತ್ತಲೇ ಅವನು ಕಣ್ಣೀರಿಟ್ಟ. ಅದೇ ವಾರ, ಅದೇ ಊರಲ್ಲಿ, ಸಾಂಗ್ಲಿಯಿಂದ ಕೃಷ್ಣೆಯ ಮೇಲ್ದಂಡೆಗಿರುವ ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಖಾಶಾಬಾರ ಹಿಂದೆ ಊರೂರಿನ ಗರಡಿಗಳಿದ್ದವು, ಜಾತ್ರೆಯ ಕುಸ್ತಿ ಕಣಗಳಿದ್ದವು. ಎಲ್ಲಮ್ಮನ ಜಾತ್ರೆಯಲ್ಲಿ ಸೋತವನು ಮುಂದಿನ ಜಾತ್ರೆಗೆ ಗಟ್ಟಿಯಾಗಿ ಬರುತ್ತಿದ್ದ.

ಓಟಗಾರನಿಗೂ ಇಂಥದೊಂದು ಕಣ ಬೇಕು. ಕೆರಿಬಿಯನ್ ದ್ವೀಪಗಳ ಮಕ್ಕಳಿಗೆ 1972ರಿಂದ ಕ್ಯಾರಿಫ್ಟಾ ಕೂಟವಿದೆ. ಹಿರಿಯ ಮಿರಜಿಗಿಂತ ಚಿಕ್ಕದಾದ ಸೇಂಟ್ ಲೂಸಿಯಾ ದ್ವೀಪದ ಜೂಲಿಯನ್ ಆಲ್ಫ್ರೆಡ್ 2024ರಲ್ಲಿ ಪ್ಯಾರಿಸ್‌ನಲ್ಲಿ 10.72 ಸೆಕೆಂಡಿನಲ್ಲಿ ನೂರು ಮೀಟರ್ ಓಡಿ, ತನ್ನ ನಾಡಿಗೆ ಮೊದಲ ಒಲಿಂಪಿಕ್ ಪದಕವನ್ನೇ ಚಿನ್ನವಾಗಿ ತಂದಳು.

ಆ ವರ್ಷ ಅದೇ ಪ್ಯಾರಿಸ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ ಸಾಂಗ್ಲಿ ಜಿಲ್ಲೆಯ ಕರಗಣಿಯ ಸಚಿನ್ ಖಿಲಾರಿ ಗುಂಡನ್ನು 16.32 ಮೀಟರ್ ಎಸೆದು ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಕೆನಡಾದ ಗ್ರೆಗ್ ಸ್ಟುವರ್ಟ್‌ನದು 16.38. ನಡುವೆ ಆರೇ ಸೆಂಟಿಮೀಟರು, ಮೂರು ಬೆರಳಿನಗಲ. ಕರಗಣಿ ಇರುವ ಆಟಪಾಡಿ ಸೀಮೆ ಸೂರ್ಯನಮಸ್ಕಾರವನ್ನು ಶಾಲೆಶಾಲೆಗೂ ತಂದ ಔಂಧ್ ರಾಜರ ಸಂಸ್ಥಾನಕ್ಕೆ ಸೇರಿತ್ತೆಂಬುದು ನನಗೆ ಬಹಳ ಹಿತವಾದ ಸಂಗತಿ.

ಈ ಸೀಮೆಯ ಶಾಲಾ ಮೈದಾನಗಳಲ್ಲಿ ಉದ್ದಜಿಗಿತ ನೋಡುವುದು ನನಗೆ ತೀರದ ಖುಷಿ. ಪಿ.ಟಿ. ಮಾಸ್ತರರು ಸಲಿಕೆಯಿಂದ ಮರಳು ಮಗುಚಿ, ಹಲಗೆ ಎಳೆದು ಸಮ ಮಾಡುತ್ತಾರೆ. ಹುಡುಗಿ ಬರಿಗಾಲಲ್ಲಿ ಓಡಿಬಂದು ಜಿಗಿಯುತ್ತಾಳೆ. ಮರಳಲ್ಲಿ ಮೂಡಿದ ಹಿಮ್ಮಡಿಯ ಗುರುತಿಗೆ ಟೇಪು ಹಿಡಿದ ಹುಡುಗ ಮರಾಠಿಯಲ್ಲಿ ಅಂಕಿ ಕೂಗುತ್ತಾನೆ. ಜತ್ತದ ಕಡೆಯಿಂದ ಬಂದ ಗೆಳತಿಯರು ಅದನ್ನು ಕನ್ನಡದಲ್ಲಿ ಎಣಿಸಿ ಕುಣಿಯುತ್ತಾರೆ.

ಇಂಥ ಮಕ್ಕಳನ್ನು ಒಮ್ಮೆಲೇ ರಾಜ್ಯಮಟ್ಟಕ್ಕೆ ನೂಕಿದರೆ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬರುತ್ತಾರೆ. ತಮ್ಮ ಅಳತೆಯವರೊಡನೆ ಓಡಿ, ಫೈನಲ್ ತಲುಪಿ, ಗೆಲುವಿನ ರುಚಿ ಕಂಡವರು ಮತ್ತೆ ಮೈದಾನಕ್ಕೆ ಬರುತ್ತಾರೆ. ಮಿರಜ, ಜತ್ತ, ಆಟಪಾಡಿ, ಅಥಣಿ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ಮಕ್ಕಳು ಗಡಿಯ ಗೊಡವೆಯಿಲ್ಲದೆ ವರ್ಷಕ್ಕೊಮ್ಮೆ ಕೂಡಿ ಓಡುವ ಕೂಟವೊಂದು ಬೇಕು. ಅದಕ್ಕೆ ಬೇಕಾದುದು ಸುಣ್ಣದ ಗೆರೆ, ಮರಳಿನ ಗುಂಡಿ, ಗಡಿಯಾರ, ನಾಲ್ಕು ಜನ ಮಾಸ್ತರರು. ಎರಡೂ ಕಡೆಯ ಶಾಲೆಗಳವರು ಮನಸ್ಸು ಮಾಡಿದರೆ ಬರುವ ಚಳಿಗಾಲದಲ್ಲೇ ಇದನ್ನು ನಡೆಸಬಹುದು, ದಯವಿಟ್ಟು ನಡೆಸಿ.