ಸ್ಥಿರಾನುಪಾತದ ವಾದ

ರಸಾಯನಶಾಸ್ತ್ರದ ಪಠ್ಯಪುಸ್ತಕದಲ್ಲಿ ಮಿಶ್ರಣಗಳನ್ನು ಬೇರ್ಪಡಿಸುವ ವಿಧಾನಗಳು ಒಂದು ಪಾಠ. ರಾಸಾಯನಿಕ ಸಂಯೋಗದ ನಿಯಮಗಳು ಮತ್ತೊಂದು. ಒಂದರಲ್ಲಿ ಸೋಸುವುದು, ಭಟ್ಟಿ ಇಳಿಸುವುದು, ಹರಳುಗಟ್ಟಿಸುವುದು. ಇನ್ನೊಂದರಲ್ಲಿ ತಕ್ಕಡಿ ಮತ್ತು ಲೆಕ್ಕ. ವಿದ್ಯಾರ್ಥಿಗಳು ಇವನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡಿ ಪರೀಕ್ಷೆಯನ್ನು ದಾಟುತ್ತಾರೆ. ವಿಜ್ಞಾನದ ಇತಿಹಾಸದಲ್ಲಾದರೋ ಇವೆರಡೂ ಒಂದೇ ವ್ಯಾಜ್ಯದ ಎರಡು ಮುಖಗಳಾಗಿದ್ದವು.

ಕಬ್ಬಿಣದ ಪುಡಿಯನ್ನೂ ಗಂಧಕವನ್ನೂ ಯಾವ ಪ್ರಮಾಣದಲ್ಲಾದರೂ ಕಲಸಬಹುದು; ಅಯಸ್ಕಾಂತವನ್ನು ಆಡಿಸಿದರೆ ಕಬ್ಬಿಣ ಬೇರೆಯಾಗಿ ಬರುತ್ತದೆ. ಕಾಯಿಸಿದ ಮೇಲೆ ಉಳಿಯುವ ಕಪ್ಪು ಗಟ್ಟಿಯಿಂದ ಅದು ಹಾಗೆ ಬಾರದು. ಅದರಲ್ಲಿ 7 ಪಾಲು ಕಬ್ಬಿಣಕ್ಕೆ 4 ಪಾಲು ಗಂಧಕವೆಂದು ಲೆಕ್ಕ. ಮೊದಲನೆಯದು ಮಿಶ್ರಣ, ಎರಡನೆಯದು ಸಂಯುಕ್ತ. ಇಷ್ಟು ಸರಳವಾದ ಮಾತಿನಲ್ಲಿ ವಾದಕ್ಕೆ ಎಡೆಯೆಲ್ಲಿ ಎನಿಸಬಹುದು.

ಎಡೆಯನ್ನು ಕಂಡವನು ಫ್ರಾನ್ಸಿನ ಬರ್ತೊಲೆ. 1798ರಲ್ಲಿ ನೆಪೋಲಿಯನ್ನನ ದಂಡಿನೊಡನೆ ಈಜಿಪ್ಟಿಗೆ ಹೋದ ಈ ವಿದ್ವಾಂಸನು ಅಲ್ಲಿಯ ಉಪ್ಪುಸರೋವರಗಳ ದಡದಲ್ಲಿ ಸೋಡಾ ಹೆಪ್ಪುಗಟ್ಟಿರುವುದನ್ನು ನೋಡಿದನು. ಉಪ್ಪೂ ಸುಣ್ಣಕಲ್ಲೂ ಸೇರಿ ಸೋಡಾ ಆಗುವ ಈ ಕ್ರಿಯೆಯು ಪ್ರಯೋಗಶಾಲೆಯಲ್ಲಿ ಕಂಡದ್ದಕ್ಕೆ ತೀರ ವಿರುದ್ಧವಾಗಿತ್ತು. ವಸ್ತುವಿನ ಮೊತ್ತವು ಕ್ರಿಯೆಯ ದಿಕ್ಕನ್ನೇ ತಿರುಗಿಸಬಲ್ಲುದೆಂದು ಅವನು ತರ್ಕಿಸಿದನು. ಆ ತರ್ಕ ಸರಿಯಾದುದೇ. ಆದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೊತ್ತ ಬದಲಾದಂತೆ ಸಂಯುಕ್ತದೊಳಗಿನ ಅನುಪಾತವೂ ಬದಲಾಗಬಹುದೆಂದನು. ಗಾಜು, ಮಿಶ್ರಲೋಹ, ದ್ರಾವಣಗಳೇ ಅವನ ಸಾಕ್ಷಿಗಳು.

ಸ್ಪೇನಿನಲ್ಲಿ ಅಧ್ಯಾಪಕನಾಗಿದ್ದ ಪ್ರೂಸ್ಟ್ ಇದನ್ನು ಒಪ್ಪಲಿಲ್ಲ. 100 ಪಾಲು ತಾಮ್ರವನ್ನು ಆಮ್ಲದಲ್ಲಿ ಕರಗಿಸಿ, ಸೋಡಾ ಹಾಕಿ ತಳಕ್ಕಿಳಿಸಿದರೆ ಯಾವಾಗಲೂ 180 ಪಾಲು ಹಸಿರು ಕಾರ್ಬೊನೇಟ್ ದೊರೆಯುತ್ತದೆಂದು ಅವನು 1799ರಲ್ಲಿ ತಿಳಿಸಿದನು. ಗಣಿಯ ಹಸಿರು ಖನಿಜವೂ ಪ್ರಯೋಗಶಾಲೆಯ ಹಸಿರು ಪುಡಿಯೂ ಒಂದೇ ಅನುಪಾತದವು. ಇಂದಿನ ಲೆಕ್ಕಕ್ಕೆ ಆ 180 ಎಂಬುದು ಸುಮಾರು 174 ಆಗಬೇಕು. ಅಂಕಿ ತಪ್ಪಿತು, ನಿಯಮ ತಪ್ಪಲಿಲ್ಲ!

ಆದರೆ ಒಂದು ತೊಡಕಿತ್ತು. ಅನುಪಾತ ಬದಲಾಗುವುದೆಲ್ಲ ಮಿಶ್ರಣವೇ ಎಂದು ಮೊದಲೇ ತೀರ್ಮಾನಿಸಿದರೆ ನಿಯಮವು ಎಂದಿಗೂ ಸೋಲದು. ಅಂಥ ಗೆಲುವು ಗೆಲುವೂ ಅಲ್ಲ. ಆದುದರಿಂದ ಪ್ರೂಸ್ಟನು ಎದುರಾಳಿಯ ಸಾಕ್ಷಿಗಳನ್ನು ಒಂದೊಂದಾಗಿ ವಿಶ್ಲೇಷಿಸಬೇಕಾಯಿತು. ತವರಕ್ಕೆ ಎರಡು ಆಕ್ಸೈಡುಗಳುಂಟು: ಒಂದರಲ್ಲಿ ನೂರಕ್ಕೆ ಸುಮಾರು 88 ಪಾಲು ತವರ, ಇನ್ನೊಂದರಲ್ಲಿ 79. ನಡುವಣ ಅಂಕಿ ಬಂದಲ್ಲಿ ಅದು ಹೊಸ ಸಂಯುಕ್ತವಲ್ಲ, ಈ ಎರಡರ ಬೆರಕೆ. ಬೇರ್ಪಡಿಸುವ ಕೈಚಳಕವಿಲ್ಲದಿದ್ದರೆ ಸ್ಥಿರಾನುಪಾತ ನಿಯಮವು ಬರಿಯ ನಂಬಿಕೆಯಾಗಿಯೇ ಉಳಿಯುತ್ತಿತ್ತು.

ಹಲವು ವರ್ಷ ನಡೆದ ಈ ವಾದದಲ್ಲಿ ಇಬ್ಬರೂ ಸೌಜನ್ಯವನ್ನು ಬಿಡಲಿಲ್ಲ; ಪಂಡಿತರ ವಾದಗಳಲ್ಲಿ ಇದು ಅಪರೂಪವೇ ಸರಿ. 1808ರಲ್ಲಿ ಡಾಲ್ಟನ್ನನ ಗ್ರಂಥವು ಪರಮಾಣುಗಳ ಮೂಲಕ ಈ ನಿಯಮಕ್ಕೆ ಕಾರಣವನ್ನು ಒದಗಿಸಿತು. ಪ್ರೂಸ್ಟನು ಗೆದ್ದನು.

ಬರ್ತೊಲೆಯ ಪಾಲಿಗೂ ಏನೋ ಉಳಿಯಿತು. ಮೊತ್ತದ ಬಗೆಗಿನ ಅವನ ವಿಚಾರವು 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಅವರ ಕೈಯಲ್ಲಿ ನಿಯಮದ ರೂಪ ಪಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಘನವಸ್ತುಗಳ ಒಳರಚನೆ ತಿಳಿದಂತೆ, ಅನುಪಾತದಲ್ಲಿ ತುಸು ಹೊಯ್ದಾಡುವ ನಿಜವಾದ ಸಂಯುಕ್ತಗಳೂ ಕಾಣಿಸಿಕೊಂಡವು. ಫೆರಸ್ ಆಕ್ಸೈಡಿನಲ್ಲಿ 100 ಆಮ್ಲಜನಕದ ಪರಮಾಣುಗಳಿಗೆ ಸಾಮಾನ್ಯವಾಗಿ ಕಬ್ಬಿಣದವು ಸುಮಾರು 95 ಮಾತ್ರ. ಕಬ್ಬಿಣ ಗಂಧಕಗಳ ಸಂಯುಕ್ತದಲ್ಲಿಯೂ ಇಂಥ ಕೊರತೆ ಉಂಟು. ಈ ಗುಂಪಿಗೆ ರಷ್ಯದ ಕುರ್ನಾಕೊವ್ ಇಟ್ಟ ಹೆಸರು ಬರ್ತೊಲೈಡುಗಳು.