ಓಲೆಯ ಮರ್ಯಾದೆ

ಕನ್ನಡದಲ್ಲಿ ಓಲೆ ಎಂಬ ಒಂದೇ ಮಾತು ತಾಳೆಗರಿಯನ್ನೂ ಪತ್ರವನ್ನೂ ಸೂಚಿಸುತ್ತದೆ. ಹಸ್ತಪ್ರತಿಗಳ ಅಧ್ಯಯನದಲ್ಲಿ ತೊಡಗಿದವರಿಗೆ ಈ ಎರಡು ಅರ್ಥಗಳು ದೂರದವಲ್ಲ. ಒಂದು ಓಲೆಯನ್ನು ಕಾಣಬೇಕಾದರೆ ಇನ್ನೊಂದು ಓಲೆಯನ್ನು ಬರೆಯಬೇಕು. ಹಾಗೆ ಬರೆಯುವ ಕ್ರಮವೇ ನಮ್ಮಲ್ಲಿ ಕ್ಷೀಣಿಸುತ್ತಿದೆ.

ನನಗೆ ಪರಿಚಿತರಾದ ಹಿರಿಯರೊಬ್ಬರ ಮನೆಯಲ್ಲಿ ಕೆಲವು ಓಲೆಕಟ್ಟುಗಳಿವೆ. ಕೆಲವು ವರ್ಷಗಳ ಹಿಂದೆ ಸಂಶೋಧಕರೊಬ್ಬರು “ಸರ್, ನಿಮ್ಮಲ್ಲಿರುವ ಪ್ರತಿಯ ಫೋಟೋ ಕಳಿಸಿ, ಅರ್ಜೆಂಟ್” ಎಂದು ಅವರ ಮೊಬೈಲಿಗೆ ಒಂದು ಸಾಲು ಕಳುಹಿಸಿದರು. ಕೆಳಗೆ ಹೆಸರೂ ಇರಲಿಲ್ಲ. ಎಪ್ಪತ್ತು ದಾಟಿದ ಆ ಹಿರಿಯರು ಮೊಮ್ಮಗನನ್ನು ಕೂಡಿಸಿಕೊಂಡು ಎರಡು ದಿನ ಗರಿಗಳನ್ನು ಒಂದೊಂದಾಗಿ ಬಿಡಿಸಿ, ಚಿತ್ರ ತೆಗೆಸಿ ಕಳುಹಿಸಿದರು. ತಲುಪಿತೆಂಬ ಮಾತೂ ಮರಳಿ ಬರಲಿಲ್ಲ. ಆ ಮಹಾಪ್ರಬಂಧಕ್ಕೆ ಪದವಿ ದೊರೆತ ಸುದ್ದಿ ಅವರಿಗೆ ಬೇರೆಯವರಿಂದ ತಿಳಿಯಿತು. ಈಗ ಯಾರು ಕೇಳಿದರೂ “ಗೆದ್ದಲು ಹಿಡಿದು ಹಾಳಾಗಿವೆ” ಎನ್ನುತ್ತಾರೆ. ಹಾಳಾಗಿಲ್ಲವೆಂಬುದು ನನಗೆ ಗೊತ್ತು. ಆದರೂ ಅವರನ್ನು ದೂರಲಾರೆ.

ಮುಚ್ಚಿದ ಬಾಗಿಲಿನ ಬೆಲೆಯೇನೆಂಬುದನ್ನು ಜೈನ ವಾಙ್ಮಯದ ಇತಿಹಾಸ ಬಲ್ಲದು. ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ಓಲೆಗಳು ಮೂಡಬಿದಿರೆಯ ಗುರುಬಸದಿಯಲ್ಲಿ ಬಹುಕಾಲ ದರ್ಶನಕ್ಕೆ ಮಾತ್ರ ಒದಗುತ್ತಿದ್ದವು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದು ಅಮರಾವತಿಯಿಂದ ಅಚ್ಚಾಗತೊಡಗಿದ್ದು 1939ರಲ್ಲಿ. ಕೊಲ್ಹಾಪುರದಲ್ಲಿದ್ದ ಆ.ನೇ. ಉಪಾಧ್ಯೆಯವರು ಆ ಕಾರ್ಯಕ್ಕೆ ನೆರವಾದರು. ಮೊದಲಿಗೆ ಆಧಾರವಾದದ್ದು ನಕಲುಗಳು. ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಿ ನೋಡಲು ಮೂಡಬಿದಿರೆಯವರ ಸಮ್ಮತಿ ಅನಂತರ ದೊರೆಯಿತು. 16 ಸಂಪುಟಗಳ ಆ ಮಹಾಕಾರ್ಯದಲ್ಲಿ ಪಾಂಡಿತ್ಯದಷ್ಟೇ ಮುಖ್ಯವಾದದ್ದು ಪ್ರತಿಯನ್ನು ಕಾಪಾಡಿಕೊಂಡು ಬಂದವರ ವಿಶ್ವಾಸ.

“ಕಳಿಸಿ” ಎಂಬುದೂ ಬಹುವಚನವೇ, ಅದರಲ್ಲಿ ಅಗೌರವವೇನಿದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ವ್ಯಾಕರಣದ ದೃಷ್ಟಿಯಿಂದ ಅವರ ಮಾತು ಸರಿ. ಆದರೆ “ಕಳುಹಿಸಿಕೊಡಿ” ಎಂದಾಗ ‘ಕೊಡು’ ಎಂಬ ಧಾತು ಸಹಾಯಕವಾಗಿ ಬಂದು ಸೇರುತ್ತದೆ. ಶ್ರಮ ತಮ್ಮದು, ಪ್ರಯೋಜನ ನನ್ನದು ಎಂಬುದನ್ನು ಒಪ್ಪಿಕೊಳ್ಳುತ್ತದೆ. “ಕಳುಹಿಸಿಕೊಟ್ಟರೆ ಉಪಕಾರವಾಗುತ್ತದೆ” ಎಂದಾಗ ವಿಧಿರೂಪವೂ ಮರೆಯಾಗಿ, ಇಲ್ಲವೆನ್ನುವ ಸ್ವಾತಂತ್ರ್ಯ ಓದುವವರಿಗೆ ಉಳಿಯುತ್ತದೆ.

ಹಳೆಯ ಪತ್ರಗಳ ಒಕ್ಕಣೆಯೆಲ್ಲ ಮರಳಿ ಬರಲೆಂದು ನಾನು ಬಯಸುವವನಲ್ಲ. ‘ತೀರ್ಥರೂಪ’, ‘ಚಿರಂಜೀವಿ’, ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಮಾತುಗಳಲ್ಲಿ ಪ್ರೀತಿಯಿದ್ದಂತೆ ಮೇಲುಕೀಳಿನ ಅಳತೆಯೂ ಇತ್ತು. ‘ಗಂಗಾಭಾಗೀರಥೀ ಸಮಾನ’ ಎಂಬ ಸಂಬೋಧನೆ ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಅವಳ ವೈಧವ್ಯವನ್ನು ಪ್ರತಿ ಪತ್ರದಲ್ಲೂ ನೆನಪಿಸುತ್ತಿತ್ತು. ಅಂಥವು ಹೋದುದೇ ಒಳ್ಳೆಯದು. ಸೌಜನ್ಯಕ್ಕೆ ದೀರ್ಘವಾದ ಒಕ್ಕಣೆಯೂ ಬೇಕಿಲ್ಲ. ಪಂಚಸಮಿತಿಗಳಲ್ಲೊಂದಾದ ಭಾಷಾಸಮಿತಿ ಹಿತ ಮತ್ತು ಪ್ರಿಯದೊಡನೆ ಮಿತವನ್ನೂ ವಿಧಿಸುತ್ತದೆ. ನನ್ನ ಸಂಶೋಧನ ಮಾರ್ಗದರ್ಶಕರು ಬರೆದ ಅಂಚೆ ಕಾರ್ಡುಗಳಲ್ಲಿ ನಾಲ್ಕೈದು ಸಾಲಿಗಿಂತ ಹೆಚ್ಚಿರುತ್ತಿರಲಿಲ್ಲ. ಆದರೆ ಮೊದಲ ಸಾಲು ಸದಾ “ತಮ್ಮ ಪತ್ರ ತಲುಪಿತು” ಎಂದೇ ಇರುತ್ತಿತ್ತು. ಶಿಷ್ಯನಾದ ನನಗೂ ‘ತಮ್ಮ’ ಎಂದೇ ಬರೆಯುತ್ತಿದ್ದರು.

ಶ್ವೇತಾಂಬರ ಸಂಪ್ರದಾಯದಲ್ಲಿ ಪರ್ಯೂಷಣದ ಸಂದರ್ಭದಲ್ಲಿ ಶ್ರಾವಕ ಸಂಘಗಳು ಆಚಾರ್ಯರಿಗೆ ವಿಜ್ಞಪ್ತಿಪತ್ರಗಳನ್ನು ಕಳುಹಿಸುತ್ತಿದ್ದವು. ತಪ್ಪುಗಳಿಗೆ ಕ್ಷಮೆ ಯಾಚಿಸಿ, ಮುಂದಿನ ಚಾತುರ್ಮಾಸಕ್ಕೆ ತಮ್ಮ ಊರಿಗೆ ದಯಮಾಡಿಸಬೇಕೆಂದು ಬಿನ್ನವಿಸುವ ಸುರುಳಿಗಳವು. 1610ರಲ್ಲಿ ಆಗ್ರಾದ ಸಂಘ ವಿಜಯಸೇನಸೂರಿಗಳಿಗೆ ಕಳುಹಿಸಿದ, ಶಾಲಿವಾಹನನು ಚಿತ್ರಿಸಿದ ಪತ್ರ ಕಲೆಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಆ ಪತ್ರ ಯಾರಿಂದ, ಯಾರಿಗೆ, ಏತಕ್ಕೆ ಎಂಬುದರಲ್ಲಿ ಸಂದೇಹವಿಲ್ಲ.

ಈಗ ದಶಲಕ್ಷಣ ಪರ್ವ ಮುಗಿದೊಡನೆ ನನ್ನ ಮೊಬೈಲಿಗೂ ಹತ್ತಾರು ಕ್ಷಮಾಯಾಚನೆಗಳು ಬರುತ್ತವೆ. ಎಲ್ಲದರಲ್ಲೂ ಅದೇ ಕಮಲ, ಅದೇ ಜೋಡಿಸಿದ ಕೈಗಳು. ಒಂದು ಪಾಠಾಂತರದ ಚರ್ಚೆಯಲ್ಲಿ ಮುನಿದು, ವರ್ಷಗಳಿಂದ ನನ್ನೊಡನೆ ಮಾತು ಬಿಟ್ಟಿರುವ ವಿದ್ವಾಂಸರಿಂದಲೂ ಕಳೆದ ಬಾರಿ ಅದೇ ಚಿತ್ರ ಬಂದಿತು. ನನ್ನನ್ನು ನೆನೆದು ಕಳುಹಿಸಿದರೋ, ಪಟ್ಟಿಯಲ್ಲಿ ನನ್ನ ಸಂಖ್ಯೆಯೂ ಇದ್ದುದರಿಂದ ಬಂದಿತೋ ತಿಳಿಯಲಿಲ್ಲ. ಮೇಲೆ ನನ್ನ ಹೆಸರೊಂದು ಇದ್ದಿದ್ದರೆ ಅಂದೇ ಅವರ ಮನೆಗೆ ಹೋಗಿಬರುತ್ತಿದ್ದೆ.

ಉಪಕರಣವನ್ನು ಹಳಿದು ಫಲವಿಲ್ಲ; ಮೊಬೈಲಿನಲ್ಲಿ ಹೆಸರು ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಸಂಶೋಧನೆಗೆ ಹೊರಡುವ ಕಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ತಾವು ಯಾರು, ಯಾವ ಪ್ರತಿ ಬೇಕು, ಏತಕ್ಕೆ ಬೇಕು, ಈಗಾಗಲೇ ಏನನ್ನು ನೋಡಿದ್ದೀರಿ ಎಂಬುದನ್ನು ನಾಲ್ಕು ಸಾಲಿನಲ್ಲಿ ತಿಳಿಸಿ. ದೊರೆತ ದಿನವೇ ತಲುಪಿತೆಂದು ಬರೆಯಿರಿ. ಪ್ರಬಂಧ ಮುಗಿದಾಗ ಕೊಟ್ಟವರ ಹೆಸರನ್ನು ಅದರಲ್ಲಿ ಸ್ಮರಿಸಿ, ಆ ಪುಟದ ಪ್ರತಿಯೊಂದನ್ನು ಅವರಿಗೆ ಮುಟ್ಟಿಸಿ. ನಿಮ್ಮ ಬಳಿಕ ಅದೇ ಮನೆಯ ಬಾಗಿಲಿಗೆ ಮತ್ತೊಬ್ಬ ವಿದ್ಯಾರ್ಥಿ ಹೋಗಬೇಕಾಗಿದೆ.