ಓರೆಯಾದ ಚಿತ್ರದ ಜಾಡು

ಗ್ರಾಫಿಕ್ಸ್ ವರ್ಕ್‌ಸ್ಟೇಷನ್ನಿನ ಪರದೆಯ ಮೇಲೆ 3ಡಿ ಮಾಡೆಲ್ ಸೊಗಸಾಗಿಯೇ ಕಾಣುತ್ತಿರುತ್ತದೆ. ಸ್ಕ್ರೀನ್‌ಶಾಟ್ ತೆಗೆದರೆ ಅದಿದ್ದ ಜಾಗದಲ್ಲಿ ಕಪ್ಪು ಚೌಕ ಬಂದಿರುತ್ತದೆ, ಇಲ್ಲವೇ ಚಿತ್ರ ತಲೆಕೆಳಗಾಗಿರುತ್ತದೆ, ಕೆಲವೊಮ್ಮೆ ಕೆಂಪೆಲ್ಲ ನೀಲಿಯಾಗಿರುತ್ತದೆ. ಅಂಥ ಫೈಲನ್ನು ಅಳಿಸಿ ಮತ್ತೆ ಗುಂಡಿ ಒತ್ತುವುದು ರೂಢಿ. ನನಗಂತೂ ಅಳಿಸಲು ಮನಸ್ಸು ಬಾರದು. ಸರಿಯಾಗಿ ಬಂದ ಚಿತ್ರ ತಾನು ಬಂದ ದಾರಿಯ ಬಗ್ಗೆ ಏನನ್ನೂ ಬಾಯಿಬಿಡುವುದಿಲ್ಲ. ಕೆಟ್ಟ ಚಿತ್ರದಲ್ಲಿ ಎಲ್ಲಿ ಎಡವಿತು ಎಂಬುದರ ಗುರುತು ಉಳಿದಿರುತ್ತದೆ. ಆ ಗುರುತು ಹಿಡಿದು ಕಾರಣದವರೆಗೆ ಹೋಗುವುದಕ್ಕಿಂತ ಹಿತವಾದ ಕೆಲಸ ಕಂಪ್ಯೂಟರಿನ ಮುಂದೆ ನನಗೆ ಬೇರೊಂದು ಸಿಕ್ಕಿಲ್ಲ.

ಓರೆಯಾಗಿ ವಾಲಿದ ಚಿತ್ರವನ್ನೇ ತೆಗೆದುಕೊಳ್ಳಿ. ನೆಟ್ಟಗಿರಬೇಕಾದ ಗೆರೆಗಳೆಲ್ಲ ಒಂದೇ ಕೋನಕ್ಕೆ ಬಾಗಿರುತ್ತವೆ. ಇಂಥ ಚಿತ್ರ ಬಿಡಿಸಲು ಬಳಸುವ ಓಪನ್‌ಜಿಎಲ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನಿಂದ ಪಿಕ್ಸೆಲ್‌ಗಳನ್ನು ವಾಪಸ್ ಓದುವಾಗ, ನಾವು ಬೇರೆ ಹೇಳದಿದ್ದರೆ, ಪ್ರತಿ ಸಾಲಿನ ಉದ್ದವನ್ನು 4ರಿಂದ ಭಾಗವಾಗುವಷ್ಟು ಬೈಟಿಗೆ ಏರಿಸಲಾಗುತ್ತದೆ. ಕಿಟಕಿಯ ಅಗಲ 1023 ಪಿಕ್ಸೆಲ್, ಪಿಕ್ಸೆಲ್ಲಿಗೆ 3 ಬೈಟ್ ಎಂದರೆ ಸಾಲಿಗೆ 3069 ಬೈಟ್ ಆಯಿತು. ಕೈಗೆ ಬರುವುದು 3072. ಫೈಲ್ ಬರೆಯುವ ಪ್ರೋಗ್ರಾಮಿಗೆ ಈ ಹೆಚ್ಚಿನ ಮೂರು ಬೈಟಿನ ಸುದ್ದಿ ಗೊತ್ತಿಲ್ಲದಿದ್ದರೆ ಸಾಲಿಗೊಂದು ಪಿಕ್ಸೆಲ್‌ನಂತೆ ಚಿತ್ರ ಜಾರುತ್ತಾ ಹೋಗುತ್ತದೆ. ಮೂರು ಬೈಟ್ ಎಂದರೆ ಸರಿಯಾಗಿ ಒಂದು ಪಿಕ್ಸೆಲ್ ಆದ್ದರಿಂದ ಬಣ್ಣ ಕೆಡುವುದಿಲ್ಲ. ಅಗಲವನ್ನು 1022 ಮಾಡಿ ನೋಡಿ: ಈಗ ಹೆಚ್ಚುವರಿ ಎರಡೇ ಬೈಟ್, ಓರೆಯ ಜೊತೆಗೆ ಬಣ್ಣವೂ ಅದಲುಬದಲಾಗಿ, ಮೂರು ಸಾಲಿಗೊಮ್ಮೆ ಮಾತ್ರ ಸರಿಬರುತ್ತದೆ. 1024ರಲ್ಲಿ ಎಲ್ಲವೂ ಮಾಯ. ಒಂದು ಸಾಲು ಕೋಡನ್ನೂ ತೆರೆಯದೆ, ಕಿಟಕಿಯ ಅಂಚನ್ನು ಎಳೆದೇ ಇಷ್ಟನ್ನು ಪತ್ತೆಮಾಡಬಹುದು! ಪರೀಕ್ಷೆಗೆ ಬೂದು ಬಣ್ಣದ ಮಾಡೆಲ್ ಬೇಡ, ಕೆಂಪು, ಹಸಿರು, ನೀಲಿ ಬೆರೆತರೂ ಬೂದು ಬೂದಾಗಿಯೇ ಉಳಿಯುತ್ತದೆ. ನಾಲ್ಕು ಮೂಲೆಗೆ ನಾಲ್ಕು ಬಣ್ಣ ಹಚ್ಚಿದ ಚಿತ್ರವಿದ್ದರೆ ತಲೆಕೆಳಗಾದದ್ದೂ ಅದರಲ್ಲೇ ತಿಳಿಯುತ್ತದೆ. ಓಪನ್‌ಜಿಎಲ್ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತದಲ್ಲ.

ಕಪ್ಪು ಚೌಕದ ಕಥೆ ಇನ್ನೂ ಆಳದ್ದು. ಪರದೆಯ ಚಿತ್ರ ಮೆಮೊರಿಯಲ್ಲಿ ಒಂದೇ ಕಡೆ ಇಡಿಯಾಗಿ ಇರುತ್ತದೆ ಎಂಬುದು ನಮ್ಮ ನಂಬಿಕೆ ಮಾತ್ರ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ವಿಡಿಯೊ ಪ್ಲೇಯರ್ ತನ್ನ ಕಿಟಕಿಗೆ ಒಂದು ಗೊತ್ತುಮಾಡಿದ ಬಣ್ಣ ಬಳಿದು ಸುಮ್ಮನಾಗುತ್ತಿತ್ತು. ಆ ಬಣ್ಣ ಕಂಡಲ್ಲೆಲ್ಲ, ಓವರ್‌ಲೇ ಎಂಬ ಬೇರೆಯೇ ಜಾಗದಲ್ಲಿದ್ದ ವಿಡಿಯೊ ಚಿತ್ರವನ್ನು ತುಂಬುವುದು ಮಾನಿಟರಿಗೆ ಕಳುಹಿಸುವ ಹೊತ್ತಿನಲ್ಲಿ ಕಾರ್ಡ್ ಮಾಡುತ್ತಿದ್ದ ಕೆಲಸ. ಸ್ಕ್ರೀನ್‌ಶಾಟಿಗೆ ಸಿಗುತ್ತಿದ್ದುದು ಬರೀ ಬಳಿದ ಬಣ್ಣ. ಅದನ್ನು ಪೇಂಟ್‌ನಲ್ಲಿ ಅಂಟಿಸಿ, ಓಡುತ್ತಿರುವ ಪ್ಲೇಯರಿನ ಜಾಗಕ್ಕೇ ಎಳೆದು ತಂದರೆ, ಅಂಟಿಸಿದ ಚಿತ್ರದೊಳಗೇ ಸಿನಿಮಾ ಓಡತೊಡಗುತ್ತಿತ್ತು. ಸ್ಕ್ರೀನ್‌ಶಾಟ್ ಸುಳ್ಳು ಹೇಳಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷಿ ನನಗೆ ಗೊತ್ತಿಲ್ಲ. ಮೆಮೊರಿಯಲ್ಲಿ ಇದ್ದದ್ದನ್ನು ಇದ್ದಂತೆಯೇ ಅದು ಕೊಟ್ಟಿತ್ತು.

ಇದೆಲ್ಲ ಹಳೆಯ ಮಾತು, ವಿಂಡೋಸ್ ವಿಸ್ತಾ ಬಂದಮೇಲೆ ಪ್ರತಿ ಕಿಟಕಿಯೂ ಬೇರೆಯಾಗಿ ಬರೆಸಿಕೊಂಡು ಕೊನೆಗೆ ಒಟ್ಟುಗೂಡುತ್ತದಲ್ಲ ಎಂದು ಬಲ್ಲವರು ಕೇಳಬಹುದು. ಅದು ನಿಜ, ಒಂದರ ಮೇಲೊಂದು ಕಿಟಕಿ ಬಿದ್ದಾಗಿನ ಎಷ್ಟೋ ತೊಂದರೆಗಳು ಅಲ್ಲಿಗೆ ತೀರಿದವು. ಆದರೆ ಕಪ್ಪು ಹೋಗಲಿಲ್ಲ, ಕಾರಣ ಬದಲಾಯಿತು. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪಿನಲ್ಲಿ ಪರದೆ ಒಂದಕ್ಕೆ ಜೋಡಿಸಿದ್ದು, ರೆಕಾರ್ಡ್ ಮಾಡುವ ಪ್ರೋಗ್ರಾಂ ಇನ್ನೊಂದರ ಮೇಲೆ ಓಡಿದರೆ ಪರದೆಗೆ ಪರದೆಯೇ ಕಪ್ಪಾಗಬಹುದು. ಸುತ್ತಲಿನದೆಲ್ಲ ಸರಿಯಿದ್ದು ಸಿನಿಮಾದ ಕಿಟಕಿಯೊಂದೇ ಕಪ್ಪಾಗಿದ್ದರೆ, ನಕಲು ತಡೆಯಲು ಬೇಕೆಂದೇ ಮರೆಮಾಡಿರುವ ಸಂಭವ ಹೆಚ್ಚು. ಅಲ್ಲಿ ರಿಪೇರಿ ಮಾಡುವುದೇನೂ ಇಲ್ಲ. ಕಪ್ಪು ಎಷ್ಟು ಜಾಗ ಹಿಡಿದಿದೆ ಎಂಬುದೇ ಮೊದಲ ಸುಳಿವು.

ಇಷ್ಟೆಲ್ಲ ಯಾಕೆ, ಹಾರ್ಡ್‌ವೇರ್ ಆ್ಯಕ್ಸಿಲರೇಷನ್ ಆಫ್ ಮಾಡಿದರೆ ಚಿತ್ರ ಬಂದೇ ಬರುತ್ತದೆ ಎನ್ನುವವರಿದ್ದಾರೆ. ಆತುರದಲ್ಲಿ ಒಂದು ಪತ್ರಕ್ಕೆ ಚಿತ್ರ ಸೇರಿಸಬೇಕಾದವರಿಗೆ ಅದು ಒಳ್ಳೆಯ ಸಲಹೆಯೇ. ಆದರೆ ಆಮೇಲೆ ಚಿತ್ರ ಬಿಡಿಸುವುದು ಕಾರ್ಡಲ್ಲ, ಪ್ರೊಸೆಸರ್. ಅಂಚಿನ ನಯ, ನೆರಳಿನ ಗಡಿ ಎಲ್ಲವೂ ಸ್ವಲ್ಪ ಬೇರೆಯಾಗಬಹುದು. ಕಾರ್ಡಿನದೋ ಡ್ರೈವರಿನದೋ ದೋಷವನ್ನು ತೋರಿಸಲೆಂದೇ ತೆಗೆದ ಚಿತ್ರವಾದರಂತೂ ಅದರಲ್ಲಿ ಆ ದೋಷವೇ ಇರುವುದಿಲ್ಲ.